ಬೊಲಿವಾರ್ ಮತ್ತು ಅವನನ್ನು ಒಪ್ಪದ ಊರುಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯ ಗೋಡೆಗೆ ತೂಗುಹಾಕುತ್ತಿದ್ದ ಪ್ರಪಂಚದ ಭೂಪಟ. ಅಂಚು ಹರಿದು, ಮಡಿಕೆಯ ಗೆರೆಗಳಲ್ಲಿ ಬಣ್ಣ ಹೋಗಿತ್ತು. ಸಮಾಜ ವಿಜ್ಞಾನದ ಮೇಷ್ಟ್ರು ಒಂದು ದಿನ ಬೆತ್ತದ ತುದಿಯನ್ನು ದಕ್ಷಿಣ ಅಮೆರಿಕದ ಮೇಲಿಟ್ಟು, ಇಲ್ಲಿ ಒಬ್ಬ ಮನುಷ್ಯನ ಹೆಸರನ್ನೇ ಒಂದು ದೇಶಕ್ಕೆ ಇಟ್ಟಿದ್ದಾರೆ, ಹುಡುಕಿ ಅಂದರು. ಅದು ಬೊಲಿವಿಯಾ. ಆ ಮನುಷ್ಯ ಸಿಮೋನ್ ಬೊಲಿವಾರ್, ಸ್ಪೇನ್ ದೇಶದ ಆಳ್ವಿಕೆಯಿಂದ ಹಲವು ದೇಶಗಳನ್ನು ಬಿಡಿಸಿದವನು ಎಂದು ಹೇಳಿ ಮುಂದಿನ ಪಾಠಕ್ಕೆ ಹೋದರು. ಪರೀಕ್ಷೆಗೆ ಬರುವ ವಿಷಯವಲ್ಲವಾದ್ದರಿಂದ ನಾವು ಯಾರೂ ಬರೆದುಕೊಳ್ಳಲಿಲ್ಲ. ಆದರೆ ಹೆಸರು ನನ್ನ ತಲೆಯಲ್ಲಿ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ನಂತರ, ಕೊಲಂಬಿಯಾ ದೇಶದ ಒಂದು ತಂಡದ ಜೊತೆ ಪ್ರಾಜೆಕ್ಟ್ ಮಾಡುವ ಅವಕಾಶ ಬಂತು. ನಮಗೆ ಸಂಜೆ ಏಳು ಗಂಟೆಯಾದರೆ ಅವರಿಗೆ ಬೆಳಿಗ್ಗೆ ಎಂಟೂವರೆ. ಒಂದು ದಿನ ಮೀಟಿಂಗಿಗೆ ಉಳಿದವರು ಬರುವ ಮೊದಲು ಅಲ್ಲಿನ ಒಬ್ಬ ಸಹೋದ್ಯೋಗಿಯ ಹತ್ತಿರ, ನಮ್ಮ ಹಳ್ಳಿಯ ಶಾಲೆಯಲ್ಲೇ ನಿಮ್ಮ ಬೊಲಿವಾರನ ಹೆಸರು ಕೇಳಿದ್ದೆ ಎಂದು ಹೆಮ್ಮೆಯಿಂದ ಹೇಳಿದೆ. ಅವನು ಸಂತೋಷಪಡುತ್ತಾನೆ ಅಂದುಕೊಂಡಿದ್ದೆ. ಅವನು ಸ್ವಲ್ಪ ಸುಮ್ಮನಿದ್ದು, ತಾನು ಪಾಸ್ತೊ ಎಂಬ ಊರಿನವನೆಂದೂ, ತನ್ನ ಅಜ್ಜಿ ಆ ಹೆಸರನ್ನು ಪ್ರೀತಿಯಿಂದ ಹೇಳಿದ್ದನ್ನು ತಾನು ಕೇಳಿಲ್ಲವೆಂದೂ ಹೇಳಿದ. ಕ್ರಿಸ್ಮಸ್ ಹಬ್ಬದ ಹಿಂದಿನ ದಿನ ಬೊಲಿವಾರನ ಸೈನ್ಯ ತಮ್ಮ ಊರಿಗೆ ನುಗ್ಗಿದ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರಂತೆ.

ನನಗೆ ಮುಜುಗರವಾಯಿತು. ನಾಡನ್ನು ಬಿಡಿಸಿದವನನ್ನು ಬಿಡುಗಡೆಯಾದ ಊರೇ ಯಾಕೆ ಒಪ್ಪುವುದಿಲ್ಲ? ಇದಕ್ಕೆ ಉತ್ತರ ಹುಡುಕುತ್ತಾ ಓದಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆದಿದ್ದೇನೆ.

ಬಾಲ್ಯ ಮತ್ತು ಗುರು

ಸಿಮೋನ್ ಬೊಲಿವಾರ್ ಹುಟ್ಟಿದ್ದು 1783ರ ಜುಲೈ 24ರಂದು, ಈಗಿನ ವೆನೆಜುವೆಲಾ ದೇಶದ ಕರಾಕಸ್ ನಗರದಲ್ಲಿ. ಮನೆತನಕ್ಕೆ ಕೋಕೋ ತೋಟಗಳಿದ್ದವು, ದುಡಿಯಲು ಗುಲಾಮರಿದ್ದರು. ಮೂರು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು, ಒಂಬತ್ತು ತುಂಬುವಷ್ಟರಲ್ಲಿ ತಾಯಿಯೂ ಹೋದರು. ಅವನಿಗೆ ಹಾಲೂಡಿಸಿ ಬೆಳೆಸಿದವಳು ಇಪೋಲಿತಾ ಎಂಬ ಗುಲಾಮ ಹೆಂಗಸು. ಮುಂದೆ ದೊಡ್ಡ ಹೆಸರು ಬಂದಾಗಲೂ ಅವಳನ್ನು ತನ್ನ ತಾಯಿ ಎಂದೇ ನೆನೆದು, ಚೆನ್ನಾಗಿ ನೋಡಿಕೊಳ್ಳಬೇಕೆಂದು ಅಕ್ಕನಿಗೆ ಪತ್ರ ಬರೆದ.

ಹುಡುಗನಿಗೆ ಸಿಕ್ಕ ಗುರು ಸಿಮೋನ್ ರೊಡ್ರಿಗೆಸ್. ಮಕ್ಕಳು ನೋಡಿ, ಮುಟ್ಟಿ, ಪ್ರಶ್ನೆ ಕೇಳಿ ಕಲಿಯಬೇಕು, ಬಡವರ ಮಕ್ಕಳಿಗೂ ಶಾಲೆ ಬೇಕು ಎಂದು ನಂಬಿದ್ದ ಮೇಷ್ಟ್ರು. 15ನೇ ವಯಸ್ಸಿನಲ್ಲಿ ಬೊಲಿವಾರ್ ಸ್ಪೇನಿಗೆ ಹೋದ. 1802ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಮದುವೆಯಾಗಿ ಹೆಂಡತಿಯನ್ನು ಊರಿಗೆ ಕರೆತಂದ. ಒಂದು ವರ್ಷವೂ ತುಂಬಲಿಲ್ಲ, 1803ರ ಜನವರಿಯಲ್ಲಿ ಆಕೆ ಜ್ವರದಿಂದ ತೀರಿಕೊಂಡಳು. ಅವನು ಮತ್ತೆ ಮದುವೆಯಾಗಲಿಲ್ಲ. ದುಃಖ ಮರೆಯಲು ಪುನಃ ಯೂರೋಪಿಗೆ ಹೋದವನು ಅಲ್ಲಿ ತನ್ನ ಹಳೆಯ ಗುರುವನ್ನು ಕಂಡ. 1805ರಲ್ಲಿ ರೋಮ್ ನಗರದ ಒಂದು ಗುಡ್ಡದ ಮೇಲೆ, ಗುರುವಿನ ಎದುರಿನಲ್ಲಿ, ತನ್ನ ನಾಡನ್ನು ಸ್ಪೇನಿನಿಂದ ಬಿಡಿಸುವವರೆಗೂ ವಿಶ್ರಮಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದ. ಆಗ ಅವನಿಗೆ 22 ವರ್ಷ.

ಕರಾಕಸ್ ಹೌದೆಂದಿತು, ಕೋರೊ ಇಲ್ಲವೆಂದಿತು

1808ರಲ್ಲಿ ನೆಪೋಲಿಯನ್ ಸ್ಪೇನಿನೊಳಗೆ ನುಗ್ಗಿ ದೊರೆ ಏಳನೇ ಫರ್ಡಿನಂಡನನ್ನು ಸೆರೆಯಲ್ಲಿಟ್ಟ. ದೊರೆಯೇ ಸೆರೆಯಲ್ಲಿದ್ದರೆ ಅಮೆರಿಕದ ಪ್ರಾಂತ್ಯಗಳನ್ನು ಆಳುವವರು ಯಾರು? 1810ರ ಏಪ್ರಿಲ್ 19ರಂದು ಕರಾಕಸ್ಸಿನ ಪ್ರಮುಖರು ಸ್ಪೇನಿನ ಅಧಿಕಾರಿಯನ್ನು ಇಳಿಸಿ ತಮ್ಮದೇ ಆಡಳಿತ ಮಂಡಳಿ ಮಾಡಿಕೊಂಡರು. ಇವರು ಸ್ಪೇನಿನ ರಕ್ತದವರಾದರೂ ಅಮೆರಿಕದಲ್ಲೇ ಹುಟ್ಟಿದವರು. ಇವರನ್ನು ಕ್ರಿಯೋಲರು ಎನ್ನುತ್ತಿದ್ದರು. ಹಣ, ಜಮೀನು ಇವರ ಕೈಯಲ್ಲಿದ್ದರೂ ದೊಡ್ಡ ಹುದ್ದೆಗಳೆಲ್ಲ ಸ್ಪೇನಿನಲ್ಲಿ ಹುಟ್ಟಿದವರಿಗೇ ಹೋಗುತ್ತಿದ್ದವು. ಬೊಲಿವಾರನೂ ಈ ವರ್ಗದವನೇ.

ಕರಾಕಸ್ಸಿನವರು ಉಳಿದ ಊರುಗಳಿಗೆ ಕಾಗದ ಬರೆದು ತಮ್ಮ ಜೊತೆ ಸೇರಿ ಎಂದು ಕರೆದರು. ಹಲವು ಪ್ರಾಂತ್ಯಗಳು ಒಪ್ಪಿದವು. ಆದರೆ ಪಶ್ಚಿಮದ ಕೋರೊ ಮತ್ತು ಮರಾಕೈಬೊ ಒಪ್ಪಲಿಲ್ಲ. ಪೂರ್ವದ ಗುವಯಾನಾ ಮೊದಲು ಒಪ್ಪಿ ಆಮೇಲೆ ಹಿಂದೆ ಸರಿಯಿತು. ದೊರೆಯ ಹೆಸರಿನಲ್ಲಿ ಸ್ಪೇನಿನಲ್ಲಿ ನಡೆಯುತ್ತಿದ್ದ ಆಡಳಿತಕ್ಕೇ ನಾವು ನಿಷ್ಠರು ಎಂದು ಈ ಮೂರೂ ಸಾರಿದವು.

ಇದನ್ನು ಮೊದಲು ಓದಿದಾಗ ಈ ಊರಿನವರು ಸ್ವಾಭಿಮಾನವಿಲ್ಲದವರು ಎಂದು ನನಗೂ ಅನಿಸಿತ್ತು. ಆದರೆ ಅವರ ಕಡೆಯಿಂದ ನೋಡಿದರೆ ವಿಷಯ ಬೇರೆ. ಕೋರೊ 1527ರಲ್ಲಿ ಹುಟ್ಟಿದ ಊರು, ವೆನೆಜುವೆಲಾ ಪ್ರಾಂತ್ಯದ ಮೊದಲ ರಾಜಧಾನಿ. ಕಾಲಕ್ರಮದಲ್ಲಿ ಅಧಿಕಾರವೆಲ್ಲ ಕರಾಕಸ್ಸಿಗೆ ಹೋಯಿತು. 1777ರಲ್ಲಿ ಸ್ಪೇನಿನ ದೊರೆ ಮರಾಕೈಬೊ, ಗುವಯಾನಾ ಮುಂತಾಗಿ ಬೇರೆ ಬೇರೆಯಾಗಿದ್ದ ಪ್ರಾಂತ್ಯಗಳ ಸೇನಾಡಳಿತವನ್ನು ಕರಾಕಸ್ಸಿನ ಕೈಕೆಳಗೆ ತಂದ. ಆಮೇಲೆ ಮೇಲಿನ ನ್ಯಾಯಾಲಯ ಬಂದದ್ದೂ ಕರಾಕಸ್ಸಿಗೆ, ವರ್ತಕರ ಮಂಡಳಿ ಬಂದದ್ದೂ ಕರಾಕಸ್ಸಿಗೆ. ಹೀಗಿರುವಾಗ ಅದೇ ಕರಾಕಸ್ ನಾವೆಲ್ಲ ಸ್ವತಂತ್ರರಾಗೋಣ ಎಂದರೆ ಕೋರೊದವರಿಗೆ ಕೇಳಿಸಿದ್ದು ಬೇರೆ ಮಾತು. ಸಮುದ್ರದಾಚೆಯ ದೊರೆ ದೂರದವನು, ಪಕ್ಕದ ಊರಿನ ಯಜಮಾನ ಹತ್ತಿರದವನು. ಹತ್ತಿರದ ಯಜಮಾನನ ಭಯವೇ ಅವರಿಗೆ ಹೆಚ್ಚಾಗಿತ್ತು.

ಕರಾಕಸ್ ಅವರ ಮನಸ್ಸು ಒಲಿಸಿಕೊಳ್ಳುವ ಬದಲು 1810ರ ಕೊನೆಯಲ್ಲಿ ಕೋರೊದ ಮೇಲೆ ಸೈನ್ಯ ಕಳಿಸಿ ಸೋತಿತು. 1811ರ ಜುಲೈ 5ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಅದೇ ತಿಂಗಳು ವಲೆನ್ಸಿಯಾ ನಗರ ದಂಗೆ ಎದ್ದಿತು. 1812ರ ಮಾರ್ಚ್ 26ರ ಪವಿತ್ರ ಗುರುವಾರದಂದು ಭಾರಿ ಭೂಕಂಪವಾಗಿ ಕರಾಕಸ್ ನೆಲಸಮವಾಯಿತು. ಕೋರೊ, ಮರಾಕೈಬೊಗಳಿಗೆ ಅಂಥ ಹಾನಿ ಆಗಲಿಲ್ಲ. ಎರಡು ವರ್ಷದ ಹಿಂದೆ ಅಧಿಕಾರಿಯನ್ನು ಇಳಿಸಿದ್ದೂ ಪವಿತ್ರ ಗುರುವಾರದಂದೇ ಆದ್ದರಿಂದ, ದೊರೆಗೆ ಎದುರಾದವರಿಗೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಎಷ್ಟೋ ಪಾದ್ರಿಗಳು ಸಾರಿದರು. ಕೋರೊದಿಂದ ಮಾಂಟೆವೆರ್ಡೆ ಎಂಬ ಅಧಿಕಾರಿ ಕೆಲವೇ ನೂರು ಜನರೊಂದಿಗೆ ಹೊರಟಿದ್ದ. ದಾರಿಯ ಊರುಗಳು ಒಂದೊಂದಾಗಿ ಅವನ ಕಡೆ ಸೇರಿದವು. ಬೊಲಿವಾರ್ ಕಾಯುತ್ತಿದ್ದ ಪುವೆರ್ತೊ ಕಬೆಯೊ ಕೋಟೆ ಕೈತಪ್ಪಿತು. ಜುಲೈ ತಿಂಗಳಲ್ಲಿ ಗಣರಾಜ್ಯದ ಸೇನಾಪತಿ ಮಿರಾಂಡಾ ಶರಣಾದ. ಸಿಟ್ಟಿಗೆದ್ದ ಬೊಲಿವಾರ್ ಮತ್ತು ಕೆಲವು ಅಧಿಕಾರಿಗಳು ಆ ಮುದುಕನನ್ನು ಬಂಧಿಸಿದರು. ಅವನು ಸ್ಪೇನಿನವರ ಕೈಗೆ ಸಿಕ್ಕಿ 1816ರಲ್ಲಿ ಸೆರೆಮನೆಯಲ್ಲೇ ಸತ್ತ. ಬೊಲಿವಾರನಿಗೆ ಮಾತ್ರ ದೇಶ ಬಿಡಲು ಅನುಮತಿ ಪತ್ರ ಸಿಕ್ಕಿತು. ಅವನ ಬದುಕಿನಲ್ಲಿ ಇದು ಅಳಿಸಲಾಗದ ಕಲೆ.

ಬಯಲಿನ ಜನ

1813ರಲ್ಲಿ ಬೊಲಿವಾರ್ ಪಕ್ಕದ ನ್ಯೂ ಗ್ರಾನಡಾದಿಂದ, ಅಂದರೆ ಈಗಿನ ಕೊಲಂಬಿಯಾದಿಂದ, ಸೈನ್ಯ ಕಟ್ಟಿಕೊಂಡು ಬಂದ. ಜೂನ್ 15ರಂದು ತ್ರುಹಿಯೊ ಎಂಬಲ್ಲಿ ಸಾಯುವವರೆಗೂ ಯುದ್ಧ ಎಂಬ ಘೋರ ಆಜ್ಞೆ ಹೊರಡಿಸಿದ. ಅದರ ಪ್ರಕಾರ ಸ್ಪೇನಿನಲ್ಲಿ ಹುಟ್ಟಿದವರು ಹೋರಾಟಕ್ಕೆ ಸಹಾಯ ಮಾಡದಿದ್ದರೆ ಸಾವು, ಅಮೆರಿಕದಲ್ಲಿ ಹುಟ್ಟಿದವರು ತಪ್ಪು ಮಾಡಿದ್ದರೂ ಕ್ಷಮೆ. ಜನರನ್ನು ಹುಟ್ಟಿದ ನೆಲದ ಮೇಲೆ ಎರಡು ಭಾಗ ಮಾಡಿದರೆ ಎಲ್ಲ ಅಮೆರಿಕದವರೂ ಒಂದಾಗುತ್ತಾರೆ ಎಂಬುದು ಅವನ ಲೆಕ್ಕ. ಆಗಸ್ಟ್ 6ರಂದು ಅವನು ಕರಾಕಸ್ಸನ್ನು ಗೆದ್ದು ಒಳಬಂದ.

ಲೆಕ್ಕ ತಪ್ಪಾಗಿತ್ತು. ದೊರೆಯ ಪರವಾಗಿ ಹೋರಾಡುತ್ತಿದ್ದವರಲ್ಲಿ ಬಹಳ ಜನ ಅಲ್ಲಿಯೇ ಹುಟ್ಟಿದವರು. ವೆನೆಜುವೆಲಾದ ದಕ್ಷಿಣಕ್ಕೆ ಯಾನೋಸ್ ಎಂಬ ವಿಶಾಲ ಹುಲ್ಲುಬಯಲು ಇದೆ. ಅಲ್ಲಿ ಕುದುರೆಯ ಮೇಲೆ ದನ ಕಾಯುವ ಬಡವರು, ಮಿಶ್ರ ಜಾತಿಯವರು, ಓಡಿಬಂದ ಗುಲಾಮರು ಬದುಕುತ್ತಿದ್ದರು. ಕ್ರಿಯೋಲರ ಗಣರಾಜ್ಯ ಇವರಿಗೆ ಏನು ಕೊಟ್ಟಿತ್ತು? ಮತದಾನದ ಹಕ್ಕು ಆಸ್ತಿ ಇದ್ದವರಿಗೆ ಮಾತ್ರ. ಗುಲಾಮಗಿರಿ ಇದ್ದಂತೆಯೇ ಇತ್ತು. ಬಯಲಿನಲ್ಲಿ ಅಲೆಯುವ ದನಗಳನ್ನು ಜಮೀನ್ದಾರರ ಆಸ್ತಿಯನ್ನಾಗಿ ಮಾಡುವ ನಿಯಮ ಬೇರೆ. ಇಂಥವರನ್ನು ಒಟ್ಟುಗೂಡಿಸಿದವನು ಬೊವೆಸ್ ಎಂಬ, ಸ್ಪೇನಿನಲ್ಲಿ ಹುಟ್ಟಿ ಆ ಬಯಲಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ. ಕ್ರಿಯೋಲರ ಸೊತ್ತು ನಿಮ್ಮದು ಎಂದು ಆಸೆ ತೋರಿಸಿದ. ಅವರು ದೊರೆಯ ಬಾವುಟ ಹಿಡಿದದ್ದು ದೊರೆಯ ಮೇಲಿನ ಪ್ರೀತಿಗಿಂತ ತಮ್ಮ ಧಣಿಗಳ ಮೇಲಿನ ಸಿಟ್ಟಿಗೆ.

ಎರಡೂ ಕಡೆ ಕ್ರೌರ್ಯ ಮಿತಿಮೀರಿತು. 1814ರ ಫೆಬ್ರವರಿಯಲ್ಲಿ ಬೊಲಿವಾರನ ಆಜ್ಞೆಯಂತೆ ಕರಾಕಸ್ ಮತ್ತು ಲಾ ಗುವೈರಾದಲ್ಲಿ ಸುಮಾರು 800 ಸ್ಪ್ಯಾನಿಷ್ ಕೈದಿಗಳನ್ನು ಕೊಲ್ಲಲಾಯಿತು. ಜೂನ್ ತಿಂಗಳಲ್ಲಿ ಬೊವೆಸ್ ಲಾ ಪುವೆರ್ತಾ ಕದನದಲ್ಲಿ ಬೊಲಿವಾರನನ್ನು ಸೋಲಿಸಿದ. ಸಾವಿರಾರು ಜನ ಮಕ್ಕಳುಮರಿ ಕಟ್ಟಿಕೊಂಡು ಕರಾಕಸ್ ಬಿಟ್ಟು ಪೂರ್ವಕ್ಕೆ ನಡೆದರು. ದಾರಿಯಲ್ಲಿ ಹಸಿವು, ರೋಗಗಳಿಂದ ಎಷ್ಟೋ ಜನ ಸತ್ತರು. ಡಿಸೆಂಬರಿನಲ್ಲಿ ಬೊವೆಸ್ ಯುದ್ಧದಲ್ಲಿ ಸತ್ತ, ಆದರೆ ಅಷ್ಟರಲ್ಲಿ ಎರಡನೆಯ ಗಣರಾಜ್ಯವೂ ಮುಗಿದಿತ್ತು.

ಕಲಿತ ಪಾಠ

ಸೋತು ಜಮೈಕಾಗೆ, ಅಲ್ಲಿಂದ ಹೈಟಿಗೆ ಹೋದ ಬೊಲಿವಾರನಿಗೆ ಹೈಟಿಯ ಅಧ್ಯಕ್ಷ ಪೆಟಿಯೊನ್ ಹಡಗು, ಬಂದೂಕು, ಮದ್ದುಗುಂಡು ಕೊಟ್ಟ. ಹೈಟಿ ಗುಲಾಮರೇ ಬಂಡಾಯವೆದ್ದು ಸ್ವತಂತ್ರಗೊಳಿಸಿದ ದೇಶ. ಪೆಟಿಯೊನ್ ಪ್ರತಿಯಾಗಿ ಕೇಳಿದ್ದು ಗುಲಾಮರ ಬಿಡುಗಡೆ. 1816ರಲ್ಲಿ ಬೊಲಿವಾರ್ ಸೈನ್ಯಕ್ಕೆ ಸೇರುವ ಗುಲಾಮರಿಗೆ ಸ್ವಾತಂತ್ರ್ಯ ಸಾರಿದ. ಜಮೀನ್ದಾರರ ಅಡ್ಡಿಯಿಂದ ಪೂರ್ತಿ ಬಿಡುಗಡೆ ಆಗಲು ವೆನೆಜುವೆಲಾದಲ್ಲಿ 1854ರವರೆಗೆ ಕಾಯಬೇಕಾಯಿತು ಎಂಬುದೂ ನಿಜ. 1817ರಲ್ಲಿ ಯೋಧರಿಗೆ ಭೂಮಿ, ಆಸ್ತಿ ಹಂಚುವ ಕಾನೂನು ಬಂತು. ಬಯಲಿನ ಜನರಿಗೆ ಪಾಯೆಸ್ ಎಂಬ, ಅವರಲ್ಲೇ ಒಬ್ಬನಂತೆ ಬೆಳೆದ ನಾಯಕ ಸಿಕ್ಕಿದ್ದ. ಅವನ ಬೆನ್ನ ಹಿಂದೆ ಅವರು ಗಣರಾಜ್ಯದ ಕಡೆ ಬಂದರು. ಇತ್ತ 1815ರಲ್ಲಿ ಸ್ಪೇನಿನಿಂದ ದೊಡ್ಡ ಸೈನ್ಯ ತಂದ ಸೇನಾಪತಿ ಮೊರಿಯೊ, ದೊರೆಗಾಗಿ ಹೋರಾಡಿದ ಈ ಜನರನ್ನು ಕಡೆಗಣಿಸಿದ್ದೂ ಬೊಲಿವಾರನಿಗೆ ಅನುಕೂಲವಾಯಿತು.

ಐದು ವರ್ಷ ಹಿಂದೆ ಯಾರು ಯಾರನ್ನು ಇರಿಯುತ್ತಿದ್ದರೋ ಅವರೇ ಈಗ ಒಂದೇ ಸೈನ್ಯದಲ್ಲಿದ್ದರು. 1817ರಲ್ಲಿ ದೊರೆಯ ನಿಷ್ಠ ಪ್ರಾಂತ್ಯವಾಗಿದ್ದ ಗುವಯಾನಾವನ್ನು ಗೆದ್ದು, ಅಲ್ಲಿನ ಅಂಗೋಸ್ತುರಾ ನಗರವನ್ನೇ ಬೊಲಿವಾರ್ ರಾಜಧಾನಿ ಮಾಡಿಕೊಂಡ. 1819ರಲ್ಲಿ ಮಳೆಗಾಲದಲ್ಲಿ ನೀರು ತುಂಬಿದ ಬಯಲು ದಾಟಿ, ಆಂಡೀಸ್ ಪರ್ವತದ ಕೊರೆಯುವ ಚಳಿಯ ಪಿಸ್ಬಾ ಕಣಿವೆ ಹತ್ತಿ ಇಳಿದು, ಆಗಸ್ಟ್ 7ರಂದು ಬೊಯಾಕಾದಲ್ಲಿ ಗೆದ್ದ. 1821ರ ಜನವರಿಯಲ್ಲಿ ಮರಾಕೈಬೊ ನಗರ ತಾನಾಗಿಯೇ ಪಕ್ಷ ಬದಲಿಸಿ ಗಣರಾಜ್ಯಕ್ಕೆ ಸೇರಿತು. ಜೂನ್ 24ರಂದು ಕರಬೊಬೊ ಕದನದಲ್ಲಿ ವೆನೆಜುವೆಲಾ ಬಹುಪಾಲು ಕೈಗೆ ಬಂತು.

ಪಾಸ್ತೊ

ಈಗ ನನ್ನ ಸಹೋದ್ಯೋಗಿಯ ಊರಿನ ವಿಷಯ. ಪಾಸ್ತೊ ಕೊಲಂಬಿಯಾದ ದಕ್ಷಿಣ ತುದಿಯಲ್ಲಿ, ಗಲೇರಾಸ್ ಜ್ವಾಲಾಮುಖಿಯ ಬುಡದಲ್ಲಿದೆ. ಉತ್ತರಕ್ಕೆ ಹುವಾನಂಬು ನದಿಯ ಆಳವಾದ ಕಮರಿ, ದಕ್ಷಿಣಕ್ಕೆ ಗುವಾಯ್ತರಾ ನದಿಯ ಕಮರಿ. ಸುತ್ತ ಮೂಲನಿವಾಸಿಗಳ ಹಳ್ಳಿಗಳು. ಈ ಹಳ್ಳಿಗಳಿಗೆ ಸ್ಪೇನಿನ ದೊರೆಯ ಕಾನೂನಿನಲ್ಲಿ ಸಾಮೂಹಿಕ ಭೂಮಿ ಇತ್ತು. ಅದನ್ನು ಯಾರೂ ಮಾರುವಂತಿರಲಿಲ್ಲ, ಹೊರಗಿನವರು ಕೊಳ್ಳುವಂತಿರಲಿಲ್ಲ. ಪ್ರತಿಯಾಗಿ ಅವರು ಕಪ್ಪ ಕಟ್ಟುತ್ತಿದ್ದರು. ಕಪ್ಪ ಭಾರವೇ. ಆದರೆ ಯುದ್ಧಕಾಲದಲ್ಲಿ ದೊರೆಯ ಅಧಿಕಾರಿಗಳ ಜೊತೆ ಚೌಕಾಶಿ ಮಾಡಿ ಅವರು ಅದನ್ನೂ ಕಡಿಮೆ ಮಾಡಿಸಿಕೊಂಡಿದ್ದರು. ಹತ್ತಿರದ ಪಟಿಯಾ ಕಣಿವೆಯ ಕಪ್ಪು ಜನರೂ ದೊರೆಯ ಪಕ್ಷದಲ್ಲಿದ್ದರು, ಯಾಕೆಂದರೆ ಆ ಸೀಮೆಯಲ್ಲಿ ತನ್ನ ಪರ ಹೋರಾಡುವ ಗುಲಾಮರಿಗೆ ಮೊದಲು ಬಿಡುಗಡೆಯ ಮಾತು ಕೊಟ್ಟವನು ದೊರೆಯ ರಾಜ್ಯಪಾಲ.

ಹೊಸ ಗಣರಾಜ್ಯ 1821ರಲ್ಲಿ ಮಾಡಿದ ಕಾನೂನು ಕಪ್ಪವನ್ನು ರದ್ದುಮಾಡಿತು, ಜೊತೆಗೆ ಸಾಮೂಹಿಕ ಭೂಮಿಯನ್ನು ಮನೆಮನೆಗೆ ಹಂಚಬೇಕು ಎಂದಿತು. ಸಮಾನತೆ ಎಂದು ಅವರು ಕರೆದದ್ದು ಹಳ್ಳಿಯವರಿಗೆ ಭೂಮಿ ಕೈಬಿಟ್ಟುಹೋಗುವ ದಾರಿಯಾಗಿ ಕಂಡಿತು. ಜೊತೆಗೆ ಉತ್ತರದ ಪೊಪಯಾನ್, ದಕ್ಷಿಣದ ಕೀಟೊ ಎರಡೂ ನಗರಗಳು ತಮ್ಮ ಮೇಲೆ ಯಜಮಾನಿಕೆ ಮಾಡುತ್ತವೆಂಬ ಹಳೆಯ ಕಹಿ, ಧರ್ಮನಿಷ್ಠೆ, ಗಣರಾಜ್ಯದ ಸೈನ್ಯಗಳು ಹಿಂದೆ ಮಾಡಿದ ಲೂಟಿಯ ನೆನಪು. 1814ರಲ್ಲಿ ನರಿನೊ ಎಂಬ ದೊಡ್ಡ ನಾಯಕ ಪಾಸ್ತೊ ಗೆಲ್ಲಲು ಬಂದು ಸೆರೆಸಿಕ್ಕಿದ್ದ.

1822ರ ಏಪ್ರಿಲ್ 7ರಂದು ಬೊಂಬೊನಾದಲ್ಲಿ ಬೊಲಿವಾರನೇ ಪಾಸ್ತೊದವರನ್ನು ಎದುರಿಸಿದ. ಅವನ ಸೈನ್ಯಕ್ಕೆ ಎಷ್ಟು ನಷ್ಟವಾಯಿತೆಂದರೆ ಮುಂದಕ್ಕೆ ಹೋಗಲಾಗದೆ ಹಿಂದೆ ಸರಿಯಬೇಕಾಯಿತು. ಮೇ 24ರಂದು ಅವನ ಸೇನಾಪತಿ ಸೂಕ್ರೆ ಕೀಟೊ ಬಳಿಯ ಪಿಚಿಂಚಾದಲ್ಲಿ ಗೆದ್ದ ಮೇಲೆ ಪಾಸ್ತೊದ ಸ್ಪ್ಯಾನಿಷ್ ಸೇನಾಧಿಕಾರಿಗಳು ಒಪ್ಪಂದ ಮಾಡಿಕೊಂಡರು. ಜೂನ್ 8ರಂದು ಬೊಲಿವಾರ್ ಊರೊಳಗೆ ಬಂದ. ಸಹಿ ಹಾಕಿದವರು ಅಧಿಕಾರಿಗಳು, ಜನರಲ್ಲ. ಅಕ್ಟೋಬರಿನಲ್ಲಿ ಜನ ದಂಗೆ ಎದ್ದರು. ಅವರ ನಾಯಕರಲ್ಲಿ ಒಬ್ಬ ಅಗುಸ್ತಿನ್ ಅಗುವಾಲೊಂಗೊ. ಸೈನ್ಯ ಸೇರುವ ಮೊದಲು ಚಿತ್ರ ಬರೆಯುವುದು ಅವನ ಕಸುಬು.

ಡಿಸೆಂಬರ್ 24ರಂದು ಸೂಕ್ರೆಯ ಸೈನ್ಯ ಪಾಸ್ತೊಗೆ ನುಗ್ಗಿತು. ಚರ್ಚುಗಳಲ್ಲಿ ಅಡಗಿದವರನ್ನೂ ಬಿಡದೆ ಕೊಂದರು, ಮನೆಗಳನ್ನು ದೋಚಿದರು, ಹೆಂಗಸರ ಮೇಲೆ ಅತ್ಯಾಚಾರ ನಡೆಸಿದರು. ಸೂಕ್ರೆ ಸ್ವಭಾವತಃ ಸೌಮ್ಯನೆಂದು ಹೆಸರಾದವನು, ಆದರೂ ಅದು ಅವನ ಕಣ್ಣೆದುರಿಗೇ ಆಯಿತು. ಆ ಊರಿನಲ್ಲಿ ಅದನ್ನು ಕಪ್ಪು ಕ್ರಿಸ್ಮಸ್ ಎನ್ನುತ್ತಾರೆ. ಹೊಸ ವರ್ಷಕ್ಕೆ ಬಂದ ಬೊಲಿವಾರ್ ಗಾಯಕ್ಕೆ ಮದ್ದು ಹಚ್ಚಲಿಲ್ಲ. ಹಣ, ದನ, ಕುದುರೆಗಳ ದಂಡ ಹಾಕಿದ, ಆಸ್ತಿ ಮುಟ್ಟುಗೋಲು ಮಾಡಿದ, ಗಂಡಸರನ್ನು ಬಲವಂತವಾಗಿ ಸೈನ್ಯಕ್ಕೆ ಎಳೆದು ದೂರ ಕಳಿಸಿದ.

ಆರು ತಿಂಗಳಿಗೆ ಪಾಸ್ತೊ ಮತ್ತೆ ಎದ್ದಿತು. ಸರಿಯಾದ ಬಂದೂಕುಗಳಿಲ್ಲದೆ ದೊಣ್ಣೆ, ಈಟಿ ಹಿಡಿದ ಜನರನ್ನು ಕಟ್ಟಿಕೊಂಡು ಅಗುವಾಲೊಂಗೊ ಕೀಟೊ ಕಡೆ ಹೊರಟ. 1823ರ ಜುಲೈ 17ರಂದು ಇಬಾರಾದಲ್ಲಿ ಬೊಲಿವಾರ್ ಖುದ್ದಾಗಿ ಅವರನ್ನು ಸೋಲಿಸಿದ. ಸುಮಾರು 800 ಪಾಸ್ತೊದವರು ಅಲ್ಲಿ ಬಿದ್ದರು. 1824ರ ಜುಲೈ 13ರಂದು ಪೊಪಯಾನ್ ನಗರದಲ್ಲಿ ಅಗುವಾಲೊಂಗೊನನ್ನು ಗುಂಡಿಟ್ಟು ಕೊಂದರು. ಆ ಊರನ್ನೇ ಇಲ್ಲವಾಗಿಸಬೇಕೆಂಬ ಅರ್ಥದ ಮಾತುಗಳು ಬೊಲಿವಾರನ ಪತ್ರಗಳಲ್ಲಿವೆ.

ಬಯಲಿನ ಜನರ ವಿಷಯದಲ್ಲಿ ಬೊಲಿವಾರ್ ಅವರಿಗೆ ಏನು ಬೇಕೆಂದು ತಿಳಿದುಕೊಂಡ, ಸ್ವಲ್ಪವಾದರೂ ಕೊಟ್ಟ, ಅವರು ಅವನವರಾದರು. ಪಾಸ್ತೊದ ವಿಷಯದಲ್ಲಿ ಅವನು ಕೇಳಲೇ ಇಲ್ಲ. ಊರು ಸೋತಿತು, ಆದರೆ ಅವನದಾಗಲಿಲ್ಲ.

ಕೊನೆಯ ದಿನಗಳು

ಪೆರುವಿನಲ್ಲೂ ಇದೇ ಕಥೆ ಬೇರೆ ರೂಪದಲ್ಲಿ ನಡೆಯಿತು. ಲಿಮಾದ ಶ್ರೀಮಂತರು ಎರಡು ದೋಣಿಯಲ್ಲಿ ಕಾಲಿಟ್ಟಿದ್ದರು. 1824ರ ಆಗಸ್ಟ್ 6ರಂದು ಹುನಿನ್, ಡಿಸೆಂಬರ್ 9ರಂದು ಸೂಕ್ರೆಯ ನೇತೃತ್ವದಲ್ಲಿ ಅಯಾಕುಚೊ ಕದನಗಳು ಸ್ಪೇನಿನ ಆಳ್ವಿಕೆಯನ್ನು ಮುಗಿಸಿದವು. ಅಯಾಕುಚೊದಲ್ಲಿ ದೊರೆಯ ಕಡೆ ನಿಂತ ಸಿಪಾಯಿಗಳಲ್ಲಿ ಬಹುಪಾಲು ಆ ನೆಲದಲ್ಲೇ ಹುಟ್ಟಿದವರು. 1825ರಲ್ಲಿ ಹುಟ್ಟಿದ ಹೊಸ ದೇಶಕ್ಕೆ ಬೊಲಿವಾರನ ಹೆಸರನ್ನಿಟ್ಟರು. ಅಲ್ಲಿ ಶಾಲೆಗಳನ್ನು ನಡೆಸಲು ಅವನು ಕರೆದದ್ದು ತನ್ನ ಹಳೆಯ ಮೇಷ್ಟ್ರನ್ನೇ. ರೊಡ್ರಿಗೆಸ್ ಬಡ ಮಕ್ಕಳಿಗೆ ಓದಿನ ಜೊತೆ ಮರಗೆಲಸದಂಥ ಕಸುಬು ಕಲಿಸುವ ಶಾಲೆ ತೆರೆದರು. ಊರಿನ ದೊಡ್ಡವರಿಗೆ ಅದು ಹಿಡಿಸದೆ ಶಾಲೆ ಬೇಗ ನಿಂತಿತು.

ವೆನೆಜುವೆಲಾ, ನ್ಯೂ ಗ್ರಾನಡಾ, ಕೀಟೊ ಸೇರಿ ಒಂದೇ ಕೊಲಂಬಿಯಾ ಆಗಬೇಕೆಂಬುದು ಬೊಲಿವಾರನ ದೊಡ್ಡ ಕನಸು. ಆದರೆ ಒಂದು ಕಾಲಕ್ಕೆ ಕೋರೊದವರು ಕರಾಕಸ್ಸಿನ ಬಗ್ಗೆ ಹೇಳಿದ್ದನ್ನೇ ಈಗ ಕರಾಕಸ್ಸಿನವರು ರಾಜಧಾನಿ ಬೊಗೊಟಾದ ಬಗ್ಗೆ ಹೇಳತೊಡಗಿದರು. 1826ರಲ್ಲಿ ಪಾಯೆಸನೇ ತಿರುಗಿಬಿದ್ದ. 1828ರಲ್ಲಿ ಬೊಲಿವಾರ್ ಸರ್ವಾಧಿಕಾರ ವಹಿಸಿಕೊಂಡ. ಸೆಪ್ಟೆಂಬರ್ 25ರ ರಾತ್ರಿ ಅವನನ್ನು ಕೊಲ್ಲಲು ಬಂದವರಿಂದ ಗೆಳತಿ ಮನುವೆಲಾ ಸಾಯೆನ್ಸ್ ಪಾರುಮಾಡಿದಳು. 1830ರಲ್ಲಿ ದೇಶ ಮೂರು ತುಂಡಾಯಿತು. ಅವನು ಅಧಿಕಾರ ಬಿಟ್ಟ. ಜೂನ್ 4ರಂದು ಸೂಕ್ರೆಯನ್ನು ಪಾಸ್ತೊ ಸೀಮೆಯ ಬೆರುವೆಕೋಸ್ ಕಾಡುದಾರಿಯಲ್ಲಿ ಹೊಂಚುಹಾಕಿ ಕೊಂದರು.

ಕ್ಷಯದಿಂದ ಸೊರಗಿದ ಬೊಲಿವಾರ್ ದೇಶ ಬಿಟ್ಟು ಹೋಗಲು ಕಡಲ ತೀರಕ್ಕೆ ಬಂದ. ಕೊನೆಗೆ ಅವನನ್ನು ಸೇರಿಸಿಕೊಂಡದ್ದು ಸಾಂತಾ ಮಾರ್ತಾ ಎಂಬ ಊರು. ಪಕ್ಕದ ಕಾರ್ತಹೆನಾ ನಗರದ ಮೇಲಿನ ಹಳೆಯ ಹಗೆಯಿಂದ 1820ರವರೆಗೂ ಬಹುಕಾಲ ದೊರೆಯ ಪಕ್ಷದಲ್ಲೇ ನಿಂತಿದ್ದ ಊರು ಅದು. ಮನೆ ಕೊಟ್ಟವನು ಒಬ್ಬ ಸ್ಪ್ಯಾನಿಷ್ ಮೂಲದ ಧಣಿ. ಅವನ ಕಬ್ಬಿನ ತೋಟದ ಮನೆಯಲ್ಲಿ 1830ರ ಡಿಸೆಂಬರ್ 17ರಂದು, 47ನೇ ವಯಸ್ಸಿನಲ್ಲಿ, ಬೊಲಿವಾರ್ ಕಣ್ಣು ಮುಚ್ಚಿದ. ಹುಟ್ಟೂರು ಕರಾಕಸ್ ಅವನ ಅಸ್ಥಿಯನ್ನು ತರಿಸಿಕೊಂಡದ್ದು 12 ವರ್ಷಗಳ ನಂತರ.

ಇಷ್ಟು ಓದಿದ ಮೇಲೂ ಬೊಲಿವಾರನ ಮೇಲಿನ ನನ್ನ ಗೌರವ ಹೋಗಿಲ್ಲ. ಐಶ್ವರ್ಯದಲ್ಲಿ ಹುಟ್ಟಿ, ಎಲ್ಲವನ್ನೂ ಹೋರಾಟಕ್ಕೆ ಸುರಿದು, ಸೋತಾಗಲೆಲ್ಲ ಎದ್ದು ನಿಂತವನು ಅವನು. ಆದರೆ ಕೋರೊ, ಪಾಸ್ತೊ ಊರುಗಳ ಜನರನ್ನು ದ್ರೋಹಿಗಳು ಎಂದು ನಾನು ಈಗ ಕರೆಯಲಾರೆ. ಸ್ವಾತಂತ್ರ್ಯ ಎಂಬ ಒಂದೇ ಮಾತು ಒಂದೊಂದು ಊರಿಗೆ ಒಂದೊಂದು ಥರ ಕೇಳಿಸಿತು. ನಾಳೆ ನಮ್ಮನ್ನು ಆಳುವವರು ಯಾರು, ನಮ್ಮ ಭೂಮಿ ಏನಾಗುತ್ತದೆ ಎಂದು ಅವರು ಕೇಳಿದ್ದು ತಪ್ಪಲ್ಲ.

ಇದನ್ನೆಲ್ಲ ನನ್ನ ಸಹೋದ್ಯೋಗಿಗೆ ಹೇಳಿದಾಗ ಅವನು ನಕ್ಕು, ಅಗುವಾಲೊಂಗೊ ಹೆಸರನ್ನು ಉಚ್ಚರಿಸುವುದು ಹೇಗೆಂದು ಎರಡು ಸಲ ಹೇಳಿಕೊಟ್ಟ. ಅಂದಿನಿಂದ ನಮ್ಮ ಮಾತು ಕೆಲಸವನ್ನು ದಾಟಿ ಮನೆ, ಊರುಗಳ ತನಕ ಬಂದಿದೆ.

ನಮ್ಮ ಮೇಷ್ಟ್ರ ಭೂಪಟದಲ್ಲಿ ಕೊಲಂಬಿಯಾಗೆಲ್ಲ ಒಂದೇ ಬಣ್ಣವಿತ್ತು. ಈಗ ಆ ಬೆಂಚುಗಳ ಮೇಲೆ ಕೂತಿರುವ ತಮ್ಮಂದಿರು, ತಂಗಿಯರು ಯಾವ ದೇಶದ ಹೋರಾಟದ ಕಥೆ ಓದಿದರೂ ಗೆದ್ದವರ ಹೆಸರಿನ ಜೊತೆಗೆ, ಯಾವ ಊರು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಎಂದೂ ಮೇಷ್ಟ್ರನ್ನು ಕೇಳಲಿ. ಪರೀಕ್ಷೆಗೆ ಬಾರದ ಒಂದು ಮಾತನ್ನು ಹೇಳಿ ನನ್ನನ್ನು ಇಷ್ಟು ದೂರ ಕರೆತಂದ ಗುರುಗಳಿಗೂ, ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೂ ನನ್ನ ನಮಸ್ಕಾರಗಳು.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು